ರಾಬಿನ್ಸ್‌ವಿಲ್ಲಿನ ಕಲ್ಲು ಹೇಳುವುದು, ಹೇಳದೆ ಬಿಡುವುದು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮ ತುದಿಯಲ್ಲಿ ಗ್ರಹಾಂ ಎಂಬ ಕೌಂಟಿ ಇದೆ. ಕೌಂಟಿ ಅಂದರೆ ಅಲ್ಲಿನ ಜಿಲ್ಲೆ. ಹೆಸರಿಗೆ ಜಿಲ್ಲೆಯಾದರೂ ಜನ ಇರುವುದು ಎಂಟು ಸಾವಿರದಷ್ಟು. ಎತ್ತ ನೋಡಿದರೂ ಬೆಟ್ಟ, ಕಾಡು, ನಡುವೆ ಹೊಳೆಗಳು. ಈ ಕೌಂಟಿಯ ಮುಖ್ಯ ಊರು ರಾಬಿನ್ಸ್‌ವಿಲ್.

ಆ ಊರಿನ ಒಂದು ಗುಡ್ಡದ ಮೇಲೆ ದೊಡ್ಡ ಬಂಡೆಗಲ್ಲು ಇದೆ. ಕಲ್ಲಿಗೆ ಲೋಹದ ಫಲಕ ಜಡಿದಿದ್ದಾರೆ. ಕಲ್ಲಿನ ಬುಡದಲ್ಲಿ ಎರಡು ಸಮಾಧಿ. ಒಂದು ಜುನಾಲಸ್ಕ ಎಂಬ ಚೆರೋಕಿ ನಾಯಕನದು, ಇನ್ನೊಂದು ಆತನ ಹೆಂಡತಿ ನಿಸಿಯದು. ಕೆಳಗಿನ ರಸ್ತೆಯಲ್ಲಿ ಹೋಗುವವರಿಗೆ ದಾರಿ ತೋರಿಸಲು ರಾಜ್ಯ ಸರ್ಕಾರದ ಇನ್ನೊಂದು ಫಲಕವೂ ಇದೆ. ನಾರ್ತ್ ಕೆರೊಲಿನಾದಲ್ಲಿ ಇಂಥ ಇತಿಹಾಸದ ಫಲಕಗಳನ್ನು ರಸ್ತೆ ಬದಿ ನಿಲ್ಲಿಸುವ ಕೆಲಸ 1935ರಲ್ಲಿ ಶುರುವಾಯಿತು. ಈಗ ರಾಜ್ಯದ ತುಂಬ 1,600ಕ್ಕೂ ಹೆಚ್ಚು ಫಲಕಗಳಿವೆ. ಕಾರಿನಲ್ಲಿ ಹೋಗುವವರು ಓದಬೇಕಲ್ಲ, ಅದಕ್ಕೇ ಒಂದೊಂದರಲ್ಲೂ ನಾಲ್ಕೈದು ಸಾಲು ಮಾತ್ರ.

ಸಮಾಧಿಯ ಕಲ್ಲು ಮುಖ್ಯವಾಗಿ ಮೂರು ಸಂಗತಿ ಹೇಳುತ್ತದೆ. ಒಂದು, ಹಾರ್ಸ್‌ಶೂ ಬೆಂಡ್ ಯುದ್ಧದಲ್ಲಿ ಜುನಾಲಸ್ಕ ಮತ್ತು ಆತನ ಯೋಧರು ಜನರಲ್ ಜಾಕ್ಸನ್‌ನ ಪ್ರಾಣ ಉಳಿಸಿದರು. ಎರಡು, ಆ ಶೌರ್ಯಕ್ಕೂ ನಿಷ್ಠೆಗೂ ಮೆಚ್ಚಿ ನಾರ್ತ್ ಕೆರೊಲಿನಾ ರಾಜ್ಯ ಆತನನ್ನು ತನ್ನ ನಾಗರಿಕನನ್ನಾಗಿ ಮಾಡಿಕೊಂಡಿತು. ಮೂರು, ಗ್ರಹಾಂ ಕೌಂಟಿಯಲ್ಲಿ ಆತನಿಗೆ ಭೂಮಿ ಕೊಟ್ಟಿತು.

ಓದಿದವರು ಒಳ್ಳೆಯ ಮರ್ಯಾದೆ ಮಾಡಿದ್ದಾರೆ ಅಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ‘ಭೂಮಿ ಕೊಟ್ಟಿತು’ ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಯಾರ ಭೂಮಿ? ಅದು ಕೊಡುವವರ ಕೈಗೆ ಹೇಗೆ ಬಂತು? ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಚೆರೋಕಿಯರು ಯಾರು?

ಅಮೆರಿಕದ ಮೂಲನಿವಾಸಿಗಳನ್ನು ಅಲ್ಲಿಯ ಹಳೆಯ ದಾಖಲೆಗಳಲ್ಲಿ ‘ಇಂಡಿಯನ್’ ಎಂದೇ ಬರೆದಿದ್ದಾರೆ. ಕೊಲಂಬಸ್ ನಮ್ಮ ದೇಶದ ಕಡೆಗೆ ಬಂದೆ ಅಂದುಕೊಂಡು ಅಲ್ಲಿಗೆ ಹೋಗಿ ಮುಟ್ಟಿದ, ಅದರಿಂದ ಬಂದ ಹೆಸರು ಅದು. ನಮಗೂ ಅವರಿಗೂ ಅದಕ್ಕಿಂತ ಹೆಚ್ಚಿನ ನಂಟಿಲ್ಲ. ಈ ಮೂಲನಿವಾಸಿಗಳಲ್ಲಿ ನೂರಾರು ಬೇರೆ ಬೇರೆ ಜನಾಂಗ, ಬೇರೆ ಬೇರೆ ಭಾಷೆ. ಚೆರೋಕಿಯರು ಅದರಲ್ಲಿ ಒಬ್ಬರು.

ಈಗಿನ ನಾರ್ತ್ ಕೆರೊಲಿನಾ, ಟೆನೆಸಿ, ಜಾರ್ಜಿಯಾ, ಅಲಬಾಮ ರಾಜ್ಯಗಳು ಸೇರುವ ಬೆಟ್ಟದ ಸೀಮೆ ಅವರದು. ಸಿನಿಮಾಗಳಲ್ಲಿ ತೋರಿಸುವ ಹಾಗೆ ಗುಡಾರ ಹಾಕಿಕೊಂಡು ಅಲೆಯುವ ಜನ ಅಲ್ಲ. ಹೊಳೆಯ ದಂಡೆಯಲ್ಲಿ ಊರು ಕಟ್ಟಿ ಬೇಸಾಯ ಮಾಡುತ್ತಿದ್ದವರು. ಮೆಕ್ಕೆಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದರು. ಅವರಲ್ಲಿ ಏಳು ಕುಲ. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಿದ್ದರು. ಮನೆ, ಹೊಲ ಹೆಂಗಸರ ಕೈಯಲ್ಲಿರುತ್ತಿತ್ತು.

ಜಮೀನಿನ ಬಗ್ಗೆ ಅವರದು ಒಂದು ಗಟ್ಟಿ ಕಟ್ಟಳೆ. ಭೂಮಿ ಇಡೀ ಜನಾಂಗಕ್ಕೆ ಸೇರಿದ್ದು. ಉಳುವ ಹೊಲ, ಕಟ್ಟಿದ ಮನೆ, ನೆಟ್ಟ ಮರ ಆ ಕುಟುಂಬದ್ದು. ಆದರೆ ನೆಲವನ್ನು ಯಾರೂ ಒಬ್ಬರೇ ಹೊರಗಿನವರಿಗೆ ಮಾರುವ ಹಾಗಿಲ್ಲ. ಬಿಳಿಯರ ಒತ್ತಡ ಹೆಚ್ಚಾದಾಗ, 1829ರಲ್ಲಿ, ಇದನ್ನು ಬರವಣಿಗೆಯ ಕಾನೂನಾಗಿಯೂ ಮಾಡಿಕೊಂಡರು. ಜನಾಂಗದ ಒಪ್ಪಿಗೆ ಇಲ್ಲದೆ ಭೂಮಿ ಬಿಟ್ಟುಕೊಟ್ಟವನಿಗೆ ಮರಣದಂಡನೆ.

ಬರವಣಿಗೆ ಅಂದೆವಲ್ಲ, ಅದೂ ಅವರದೇ. ಸಿಕ್ವೋಯಾ ಎಂಬ ಚೆರೋಕಿ ಮನುಷ್ಯನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹಾಗಿದ್ದೂ ಹತ್ತಾರು ವರ್ಷ ಒಬ್ಬನೇ ಕೂತು ತನ್ನ ಭಾಷೆಗೆ ಲಿಪಿ ಮಾಡಿದ. 1821ರ ಹೊತ್ತಿಗೆ ಲಿಪಿ ತಯಾರಾಯಿತು. ನಮ್ಮ ಕ, ಕಿ, ಕು ಹಾಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಉಚ್ಚಾರ. 1828ರ ಫೆಬ್ರವರಿ 21ರಂದು ‘ಚೆರೋಕಿ ಫೀನಿಕ್ಸ್’ ಎಂಬ ಪತ್ರಿಕೆ ಚೆರೋಕಿಯಲ್ಲೂ ಇಂಗ್ಲಿಷಿನಲ್ಲೂ ಹೊರಬಂತು. ಅಮೆರಿಕದ ಮೂಲನಿವಾಸಿಗಳ ಮೊದಲ ಪತ್ರಿಕೆ ಅದು. 1835ರಲ್ಲಿ ಜಾರ್ಜಿಯಾ ರಾಜ್ಯದ ಸಿಪಾಯಿಗಳು ಬಂದು ಅದರ ಮುದ್ರಣ ಯಂತ್ರವನ್ನು ಹೊತ್ತುಕೊಂಡು ಹೋದರು.

ನದಿಯ ಹಿಂದಿನಿಂದ

ಜುನಾಲಸ್ಕ ಹುಟ್ಟಿದ್ದು 1775ರ ಸುಮಾರಿಗೆ. ಆತ ಕೂಸಾಗಿದ್ದ ಕಾಲದಲ್ಲೇ, 1776ರಲ್ಲಿ, ನಾರ್ತ್ ಕೆರೊಲಿನಾದ ಸೈನ್ಯ ಬೆಟ್ಟ ಹತ್ತಿ ಬಂದು ಚೆರೋಕಿಯರ ಹತ್ತಾರು ಊರುಗಳನ್ನೂ ಕೊಯ್ಲಿಗೆ ಬಂದ ಹೊಲಗಳನ್ನೂ ಸುಟ್ಟಿತ್ತು. ಬ್ರಿಟಿಷರ ವಿರುದ್ಧ ಅಮೆರಿಕದವರ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ ಸಮಯ ಅದು. ಚೆರೋಕಿಯರಲ್ಲಿ ಹಲವರು ಬ್ರಿಟಿಷರ ಕಡೆ ನಿಂತಿದ್ದರು.

ಮುಂದಿನ ತಲೆಮಾರಿನವರು ಬೇರೆ ದಾರಿ ಹಿಡಿದರು. ಅಮೆರಿಕ ಸರ್ಕಾರದ ಜೊತೆ ಚೆನ್ನಾಗಿದ್ದರೆ ಉಳಿದ ಭೂಮಿಯಾದರೂ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಅದಕ್ಕೇ ನೆರೆಯ ಕ್ರೀಕ್ ಜನಾಂಗದ ಒಂದು ಬಣ ಅಮೆರಿಕದ ವಿರುದ್ಧ ಎದ್ದಾಗ ಚೆರೋಕಿಯರು ಜನರಲ್ ಆಂಡ್ರ್ಯೂ ಜಾಕ್ಸನ್‌ನ ಸೈನ್ಯಕ್ಕೆ ಸೇರಿದರು. ಆ ಕ್ರೀಕ್ ಬಣಕ್ಕೆ ‘ರೆಡ್ ಸ್ಟಿಕ್ಸ್’ ಎಂದು ಹೆಸರು, ಅಂದರೆ ಕೆಂಪು ಕೋಲಿನವರು.

1814ರ ಮಾರ್ಚ್ 27. ಅಲಬಾಮದ ಟಲಪೂಸಾ ನದಿ ಕುದುರೆ ಲಾಳದ ಹಾಗೆ ತಿರುಗುವ ಜಾಗ. ಹಾರ್ಸ್‌ಶೂ ಬೆಂಡ್ ಎಂಬ ಹೆಸರು ಬಂದದ್ದೇ ಆ ತಿರುವಿನಿಂದ. ಮೂರು ಕಡೆ ನದಿ, ನಾಲ್ಕನೇ ಕಡೆ ಮರದ ದಿಮ್ಮಿಗಳ ಗಟ್ಟಿ ಗೋಡೆ. ಒಳಗೆ ಸುಮಾರು ಒಂದು ಸಾವಿರ ರೆಡ್ ಸ್ಟಿಕ್ ಯೋಧರು. ಅವರ ಹೆಂಗಸರು ಮಕ್ಕಳೂ ಅಲ್ಲೇ ಇದ್ದರು. ಜಾಕ್ಸನ್‌ನ ಬಳಿ ಮೂರು ಸಾವಿರಕ್ಕೂ ಹೆಚ್ಚು ಜನ. ಅದರಲ್ಲಿ ಚೆರೋಕಿಯರು ಸುಮಾರು 500, ಜಾಕ್ಸನ್‌ನ ಪರ ಇದ್ದ ಕ್ರೀಕರು ಸುಮಾರು 100. ಎರಡು ಗಂಟೆ ಹೊತ್ತು ಫಿರಂಗಿ ಹಾರಿಸಿದರೂ ದಿಮ್ಮಿ ಗೋಡೆ ಅಲುಗಲಿಲ್ಲ.

ಚೆರೋಕಿಯರನ್ನು ನಿಲ್ಲಿಸಿದ್ದದ್ದು ನದಿಯ ಆಚೆ ದಂಡೆಯಲ್ಲಿ. ಅವರಲ್ಲಿ ಕೆಲವರು ನದಿಗೆ ಹಾರಿ ಈಜಿದರು. ಎದುರು ದಂಡೆಯಲ್ಲಿ ಕಟ್ಟಿದ್ದ ಕ್ರೀಕರ ದೋಣಿಗಳನ್ನು ಬಿಚ್ಚಿ ತಂದರು. ಅದೇ ದೋಣಿಗಳಲ್ಲಿ ಉಳಿದವರೆಲ್ಲ ದಾಟಿ ಹಿಂದಿನಿಂದ ನುಗ್ಗಿದರು. ಗೋಡೆ ಕಾಯುತ್ತಿದ್ದವರು ಹಿಂದೆ ತಿರುಗಲೇಬೇಕಾಯಿತು, ಆಗ ಮುಂದಿನಿಂದ ಜಾಕ್ಸನ್‌ನ ಸೈನ್ಯ ಗೋಡೆ ಹತ್ತಿತು. ಆ ದಿನ 800ಕ್ಕೂ ಹೆಚ್ಚು ರೆಡ್ ಸ್ಟಿಕ್ ಯೋಧರು ಸತ್ತರು. ಅಮೆರಿಕದ ಮೂಲನಿವಾಸಿಗಳು ಒಂದೇ ಯುದ್ಧದಲ್ಲಿ ಇಷ್ಟು ಜನರನ್ನು ಕಳೆದುಕೊಂಡದ್ದು ಅಪರೂಪ.

ಜುನಾಲಸ್ಕ ಎಂಬ ಹೆಸರು ಬಂದದ್ದೂ ಈ ಯುದ್ಧದಿಂದಲೇ. 1880ರ ದಶಕದ ಕೊನೆಯಲ್ಲಿ ಚೆರೋಕಿಯರ ನಡುವೆ ಇದ್ದು ಅವರ ಕಥೆಗಳನ್ನು ಬರೆದುಕೊಂಡ ಜೇಮ್ಸ್ ಮೂನಿ ಎಂಬ ವಿದ್ವಾಂಸ ಇದನ್ನು ದಾಖಲು ಮಾಡಿದ್ದಾನೆ. ಯುದ್ಧಕ್ಕೆ ಹೊರಡುವಾಗ ಈತ ಕ್ರೀಕರನ್ನು ಒಬ್ಬರೂ ಉಳಿಯದಂತೆ ಮುಗಿಸಿ ಬರುತ್ತೇನೆ ಎಂದು ಊರಲ್ಲಿ ಜಂಬ ಕೊಚ್ಚಿದ್ದ. ವಾಪಸ್ ಬಂದ ಮೇಲೆ, ಪ್ರಯತ್ನ ಮಾಡಿದೆ, ಆಗಲಿಲ್ಲ, ಇನ್ನೂ ಕೆಲವರು ಉಳಿದಿದ್ದಾರೆ ಎಂದು ಒಪ್ಪಿಕೊಂಡ. ಜನ ಆ ಮಾತನ್ನೇ ಹಿಡಿದು ಹೆಸರಿಟ್ಟರು. ಪ್ರಯತ್ನ ಮಾಡಿ ಸೋತವನು ಎಂಬುದೇ ಆ ಹೆಸರಿನ ಅರ್ಥ.

ಇನ್ನು ಕಲ್ಲು ಹೇಳುವ ಮೊದಲ ಸಂಗತಿ, ಜಾಕ್ಸನ್‌ನ ಪ್ರಾಣ ಉಳಿಸಿದ್ದು. ಸೆರೆ ಸಿಕ್ಕ ಕ್ರೀಕ್ ಯೋಧನೊಬ್ಬ ಚಾಕು ಹಿಡಿದು ಜಾಕ್ಸನ್ ಮೇಲೆ ಬಿದ್ದಾಗ ಜುನಾಲಸ್ಕ ಅಡ್ಡ ಬಂದ ಅನ್ನುವುದು ಬಾಯಿಂದ ಬಾಯಿಗೆ ಬಂದ ಕಥೆ. ಯುದ್ಧದ ಕಾಲದ ಕಾಗದಪತ್ರದ ಬಲ ಅದಕ್ಕಿಲ್ಲ. ಆದರೆ ಚೆರೋಕಿಯರು ನದಿ ದಾಟದೆ ಇದ್ದಿದ್ದರೆ ಜಾಕ್ಸನ್ ಅಷ್ಟು ಸುಲಭಕ್ಕೆ ಗೆಲ್ಲುತ್ತಿರಲಿಲ್ಲ ಅನ್ನುವುದಕ್ಕೆ ದಾಖಲೆ ಇದೆ. ಈ ಗೆಲುವು ಜಾಕ್ಸನ್‌ನನ್ನು ದೇಶಕ್ಕೆಲ್ಲ ಪರಿಚಯ ಮಾಡಿಸಿತು. 1829ರಲ್ಲಿ ಆತ ಅಮೆರಿಕದ ಅಧ್ಯಕ್ಷನಾದ. ಅಲ್ಲಿನ 20 ಡಾಲರ್ ನೋಟಿನ ಮೇಲೆ ನೀವು ನೋಡುವ ಮುಖ ಇದೇ ಜಾಕ್ಸನ್‌ನದು.

ಗೆದ್ದವರಿಗೆ ಸಿಕ್ಕಿದ್ದು

ಯುದ್ಧ ಮುಗಿದು ಐದು ತಿಂಗಳೂ ಆಗಿರಲಿಲ್ಲ. 1814ರ ಆಗಸ್ಟ್‌ನಲ್ಲಿ ಜಾಕ್ಸನ್ ಕ್ರೀಕರ ಕೈಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಹೋದದ್ದು ಎರಡು ಕೋಟಿ ಎಕರೆಗೂ ಹೆಚ್ಚು ಭೂಮಿ. ಸೋತವರ ಭೂಮಿ ಮಾತ್ರ ಅಲ್ಲ, ಜಾಕ್ಸನ್‌ನ ಪಕ್ಕದಲ್ಲೇ ನಿಂತು ಹೋರಾಡಿದ ಕ್ರೀಕರ ಭೂಮಿಯೂ ಹೋಯಿತು. ಚೆರೋಕಿಯರು ಅವತ್ತೇ ಎಚ್ಚೆತ್ತುಕೊಳ್ಳಬಹುದಿತ್ತು ಅಂತ ನಾವು ಈಗ ಹೇಳಬಹುದು. ಆದರೆ ಆಗ ಅವರು ಗೆದ್ದವರ ಕಡೆ ಇದ್ದರು.

1820ರ ದಶಕದ ಕೊನೆಗೆ ಜಾರ್ಜಿಯಾದ ಚೆರೋಕಿ ಸೀಮೆಯಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ಗುದ್ದಲಿ ಹಿಡಿದು ನುಗ್ಗಿದರು. ಹತ್ತಿ ಬೆಳೆಯುವವರಿಗೂ ಹೊಸ ಭೂಮಿ ಬೇಕಾಗಿತ್ತು. 1830ರ ಮೇ 28ರಂದು ಅಧ್ಯಕ್ಷ ಜಾಕ್ಸನ್ ‘ಇಂಡಿಯನ್ ರಿಮೂವಲ್ ಆ್ಯಕ್ಟ್’ಗೆ ಸಹಿ ಹಾಕಿದ. ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಆಚೆ ಸಾಗಿಸುವ ಕಾನೂನು ಅದು. ಅಮೆರಿಕದವರೆಲ್ಲ ಅದನ್ನು ಒಪ್ಪಿರಲಿಲ್ಲ. ಕೆಳಮನೆಯಲ್ಲಿ ಪರ 102 ಮತ, ವಿರುದ್ಧ 97. ಐದೇ ಮತದ ವ್ಯತ್ಯಾಸ.

ಚೆರೋಕಿಯರು ಕೋರ್ಟಿಗೆ ಹೋದರು. 1832ರಲ್ಲಿ ಸುಪ್ರೀಂ ಕೋರ್ಟ್ ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟಿತು. ತೀರ್ಪು ಕಾಗದದಲ್ಲೇ ಉಳಿಯಿತು. ಅದೇ ವರ್ಷ ಜಾರ್ಜಿಯಾ ರಾಜ್ಯ ಚೆರೋಕಿಯರ ಹೊಲ ಮನೆಗಳನ್ನು ಲಾಟರಿ ಎತ್ತಿ ಬಿಳಿಯರಿಗೆ ಹಂಚಲು ಶುರು ಮಾಡಿತು.

1835ರ ಡಿಸೆಂಬರ್ 29ರಂದು ಚೆರೋಕಿಯರಲ್ಲೇ ಒಂದು ಸಣ್ಣ ಗುಂಪು ಅಮೆರಿಕ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ನದಿಯ ಪೂರ್ವಕ್ಕೆ ಉಳಿದಿದ್ದ ಅಷ್ಟೂ ಭೂಮಿ, ಅಂದರೆ 70 ಲಕ್ಷ ಎಕರೆಯಷ್ಟು, 50 ಲಕ್ಷ ಡಾಲರಿಗೆ ಬಿಟ್ಟುಕೊಡುವುದು. ಬದಲಿಗೆ ಪಶ್ಚಿಮದಲ್ಲಿ ಜಾಗ. ಎರಡು ವರ್ಷದಲ್ಲಿ ಖಾಲಿ ಮಾಡಬೇಕು. ಸಹಿ ಹಾಕಿದವರಿಗೆ ಇಡೀ ಜನಾಂಗದ ಪರವಾಗಿ ಮಾತಾಡುವ ಅಧಿಕಾರ ಇರಲಿಲ್ಲ. ಮುಖ್ಯ ನಾಯಕ ಜಾನ್ ರಾಸ್ ಇದನ್ನು ವಿರೋಧಿಸಿ 15 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದ ಮನವಿಯನ್ನು ವಾಷಿಂಗ್ಟನ್ನಿಗೆ ಒಯ್ದ. ಆದರೂ ಮೇಲ್ಮನೆಯಲ್ಲಿ ಒಪ್ಪಂದ ಪಾಸಾಯಿತು. ಬೇಕಾಗಿದ್ದ ಮೂರನೇ ಎರಡರಷ್ಟಕ್ಕಿಂತ ಒಂದೇ ಒಂದು ಮತ ಹೆಚ್ಚಿತ್ತು.

ಮರ ಎಣಿಸಿಕೊಂಡು ಹೋದವರು

ಖಾಲಿ ಮಾಡಿಸುವ ಮೊದಲು ಸರ್ಕಾರದ ಜನ ಮನೆ ಮನೆಗೆ ಬಂದು ಲೆಕ್ಕ ಬರೆದುಕೊಂಡರು. ಮನೆ ಎಷ್ಟು ಉದ್ದ ಎಷ್ಟು ಅಗಲ, ಕಣಜ ಎಷ್ಟು, ಉತ್ತ ಹೊಲ ಎಷ್ಟು ಎಕರೆ, ಪೀಚ್ ಮರ ಎಷ್ಟು, ಸೇಬಿನ ಮರ ಎಷ್ಟು. ಒಂದೊಂದಕ್ಕೂ ಬೆಲೆ. 1836, 37ರ ಆ ಪಟ್ಟಿಗಳು ಈಗಲೂ ಉಳಿದಿವೆ. ಅಲೆಮಾರಿಗಳನ್ನು ಎಬ್ಬಿಸಿದ್ದಲ್ಲ, ತೋಟ ಮಾಡಿದ್ದ ರೈತರನ್ನು ಎಬ್ಬಿಸಿದ್ದು ಅನ್ನುವುದಕ್ಕೆ ಸರ್ಕಾರವೇ ಬರೆದಿಟ್ಟ ಸಾಕ್ಷಿ ಅದು.

1838ರ ಮೇ ತಿಂಗಳಲ್ಲಿ ಗಡುವು ಮುಗಿಯಿತು. ಆಗ ಜಾಕ್ಸನ್ ಅಧಿಕಾರದಿಂದ ಇಳಿದಿದ್ದ, ಮಾರ್ಟಿನ್ ವಾನ್ ಬ್ಯೂರನ್ ಅಧ್ಯಕ್ಷನಾಗಿದ್ದ. ಜನರಲ್ ವಿನ್‌ಫೀಲ್ಡ್ ಸ್ಕಾಟ್‌ನ ಕೈಕೆಳಗೆ ಸುಮಾರು ಏಳು ಸಾವಿರ ಸಿಪಾಯಿಗಳು. ಜೂನ್‌ನಲ್ಲಿ ನಾರ್ತ್ ಕೆರೊಲಿನಾದ ಬೆಟ್ಟಗಳಲ್ಲಿ ಹಿಡಿದು ತರುವ ಕೆಲಸ ಶುರುವಾಯಿತು.

ಈಗ ಮತ್ತೆ ರಾಬಿನ್ಸ್‌ವಿಲ್ಲಿಗೆ ಬನ್ನಿ. ಆಗ ಅಲ್ಲಿ ಆ ಹೆಸರಿನ ಊರಿರಲಿಲ್ಲ. ಚಿಯೋವಾ ಹೊಳೆಯ ಸುತ್ತಲಿನ ಚೆರೋಕಿಯರನ್ನು ತಂದು ಕೂಡಿಹಾಕಲು ಸೈನ್ಯ ಅಲ್ಲಿ ಒಂದು ಕೋಟೆ ಕಟ್ಟಿತು. ಅದರ ಹೆಸರು ಫೋರ್ಟ್ ಮಾಂಟ್‌ಗೊಮರಿ. ಬೆಟ್ಟದ ಆಚೆಗೆ ಗಾಡಿ ಹೋಗುವ ದಾರಿ ಇರಲಿಲ್ಲ. ಅದಕ್ಕಾಗಿ ಸೈನ್ಯ ಹೊಸ ರಸ್ತೆ ಕಡಿಯಿತು. ಊರವರನ್ನು ಊರಿನಿಂದ ಹೊರಗೆ ಸಾಗಿಸಲೆಂದೇ ಮಾಡಿದ ರಸ್ತೆ. ಟೇಥಮ್ ಗ್ಯಾಪ್ ರೋಡ್ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಇದೆ, ಕಾಡಿನ ನಡುವಿನ ಕಚ್ಚಾ ರಸ್ತೆಯಾಗಿ.

ಬೇಸಿಗೆಯೆಲ್ಲ ಶಿಬಿರಗಳಲ್ಲಿ ಕಳೆಯಿತು. ಭೇದಿ, ದಡಾರ, ನಾಯಿಕೆಮ್ಮು ಹಬ್ಬಿತು. ಚಳಿಗಾಲದ ಹೊತ್ತಿಗೆ ಜನ ಗುಂಪು ಗುಂಪಾಗಿ ಪಶ್ಚಿಮಕ್ಕೆ ನಡೆದರು. ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಮಿಸಿಸಿಪಿ ನದಿಯಲ್ಲಿ ಮಂಜುಗಡ್ಡೆ ತೇಲುತ್ತಿದ್ದರಿಂದ ದೋಣಿ ಬಿಡಲಾಗದೆ ದಂಡೆಯಲ್ಲೇ ದಿನಗಟ್ಟಲೆ ಕಾದರು. ಒಟ್ಟು 16 ಸಾವಿರದಷ್ಟು ಚೆರೋಕಿಯರನ್ನು ಸಾಗಿಸಿದರು. ಶಿಬಿರದಲ್ಲೂ ದಾರಿಯಲ್ಲೂ ಸೇರಿ ಸತ್ತವರು ನಾಲ್ಕು ಸಾವಿರದಷ್ಟು ಎಂದು ಅಂದಾಜು. ಈ ದಾರಿಗೆ ‘ಟ್ರೇಲ್ ಆಫ್ ಟಿಯರ್ಸ್’ ಅಂತ ಹೆಸರು. ಕಣ್ಣೀರಿನ ಹಾದಿ.

ಹಾಗೆ ನಡೆದವರಲ್ಲಿ ಜುನಾಲಸ್ಕನೂ ಒಬ್ಬ. ಆಗ ಆತನಿಗೆ ಅರವತ್ತು ದಾಟಿತ್ತು. ದಾರಿ ಮಧ್ಯೆ ಕೆಲವರನ್ನು ಕಟ್ಟಿಕೊಂಡು ಗುಂಪು ಬಿಟ್ಟು ಹೊರಟ. ಹಿಡಿದು ತಂದರು. ಕೊನೆಗೆ ಪಶ್ಚಿಮಕ್ಕೆ, ಈಗಿನ ಓಕ್ಲಹೋಮಕ್ಕೆ, ಹೋಗಿ ಮುಟ್ಟಿದ. ಹೀಗಾಗುತ್ತದೆ ಎಂದು ಮೊದಲೇ ಗೊತ್ತಿದ್ದಿದ್ದರೆ ಹಾರ್ಸ್‌ಶೂ ಬೆಂಡ್‌ನಲ್ಲಿ ಅವತ್ತೇ ಜಾಕ್ಸನ್‌ನನ್ನು ಕೊಂದುಬಿಡುತ್ತಿದ್ದೆ ಎಂದು ಆತ ಆಮೇಲೆ ಹೇಳುತ್ತಿದ್ದನಂತೆ. ಇದೂ ಮೂನಿ ಬರೆದುಕೊಂಡದ್ದರಲ್ಲಿ ಸಿಗುತ್ತದೆ.

ನಡೆದೇ ವಾಪಸ್ ಬಂದ

1840ರ ದಶಕದ ಆರಂಭದಲ್ಲಿ ಜುನಾಲಸ್ಕ ಅಷ್ಟು ದೂರದಿಂದ ನಡೆದುಕೊಂಡು ನಾರ್ತ್ ಕೆರೊಲಿನಾದ ತನ್ನ ಬೆಟ್ಟಗಳಿಗೆ ವಾಪಸ್ ಬಂದ.

ಬಂದು ನೋಡಿದರೆ ಭೂಮಿಗೆ ಬೇರೆ ಮಾಲೀಕರು. ಚೆರೋಕಿಯರು ಇನ್ನೂ ದಾರಿಯಲ್ಲಿರುವಾಗಲೇ, 1838ರಲ್ಲೇ, ರಾಜ್ಯ ಸರ್ಕಾರ ಅವರ ಭೂಮಿಯನ್ನು ಮಾರಾಟಕ್ಕೆ ಇಟ್ಟಿತ್ತು. 1839ರಲ್ಲಿ ಆ ಸೀಮೆಯಲ್ಲಿ ಒಂದು ಹೊಸ ಕೌಂಟಿ ಮಾಡಿದರು. ಅದಕ್ಕೆ ಇಟ್ಟ ಹೆಸರು ಚೆರೋಕಿ ಕೌಂಟಿ! ಜನರನ್ನು ಓಡಿಸಿದ ಮರುವರ್ಷ ಅವರ ಹೆಸರನ್ನು ಉಳಿಸಿಕೊಂಡರು.

1847ರಲ್ಲಿ ನಾರ್ತ್ ಕೆರೊಲಿನಾದ ಶಾಸನಸಭೆ ಜುನಾಲಸ್ಕನಿಗಾಗಿ ಒಂದು ಪ್ರತ್ಯೇಕ ಕಾನೂನು ಮಾಡಿತು. ಆತನಿಗೆ ರಾಜ್ಯದ ನಾಗರಿಕತ್ವ, 100 ಡಾಲರ್ ಹಣ ಮತ್ತು ಚಿಯೋವಾ ಹೊಳೆಯ ಬಳಿ 337 ಎಕರೆ ಭೂಮಿ. ಕಲ್ಲು ಹೇಳುವ ‘ಭೂಮಿ ಕೊಟ್ಟಿತು’ ಎಂದರೆ ಇದೇ.

ಇದರಲ್ಲಿ ಮೂರು ವಿಷಯ ಗಮನಿಸಿ. ನಾಗರಿಕತ್ವ ಸಿಕ್ಕವನು ಹೊರಗಿನಿಂದ ಬಂದವನಲ್ಲ, ಆ ರಾಜ್ಯ ಹುಟ್ಟುವ ಮೊದಲಿನಿಂದ ಆ ಬೆಟ್ಟಗಳಲ್ಲಿದ್ದ ಜನರವನು. ಸಿಕ್ಕ 337 ಎಕರೆ, ಹನ್ನೆರಡು ವರ್ಷದ ಹಿಂದೆ ಆತನ ಜನಾಂಗದ್ದೇ ಆಗಿದ್ದ 70 ಲಕ್ಷ ಎಕರೆಯ ಒಂದು ಚೂರು. ಮೂರನೆಯದು, ಆ ಭೂಮಿಯನ್ನು ಆತ ಅನುಭವಿಸಬಹುದಿತ್ತೇ ಹೊರತು ಮಾರುವ ಹಾಗಿರಲಿಲ್ಲ. ಹೀಗೊಂದು ಷರತ್ತನ್ನೂ ಹಾಕಿಯೇ ಕೊಟ್ಟಿದ್ದರು. ಮಾರಬಾರದು ಎಂದು ಚೆರೋಕಿಯರೂ ಕಾನೂನು ಮಾಡಿಕೊಂಡಿದ್ದರು. ಆದರೆ ಅದು ಅವರೇ ಕೂತು ತೀರ್ಮಾನಿಸಿದ್ದು. ಇದು ಬೇರೆಯವರು ಹಾಕಿದ ಕಟ್ಟು.

ಹಾಗಂತ ಆ ಕಾನೂನನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಚೆರೋಕಿಯರು ಅಲ್ಲಿ ಇರಲೇಬಾರದು ಎನ್ನುತ್ತಿದ್ದ ಕಾಲದಲ್ಲಿ ಒಬ್ಬ ಚೆರೋಕಿಗೆ ಕಾಗದದ ಮೇಲೆ ಹಕ್ಕು ಸಿಕ್ಕಿತು. ಅಮೆರಿಕದ ಮೂಲನಿವಾಸಿಗಳಿಗೆಲ್ಲ ದೇಶದ ನಾಗರಿಕತ್ವ ಸಿಕ್ಕಿದ್ದು 1924ರಲ್ಲಿ. ಅದಕ್ಕೂ 77 ವರ್ಷ ಮೊದಲಿನ ಮಾತು ಇದು. ಜುನಾಲಸ್ಕ 1858ರಲ್ಲಿ ಅಲ್ಲೇ ತೀರಿಕೊಂಡ. ಗ್ರಹಾಂ ಕೌಂಟಿ ಬೇರೆಯಾಗಿ ಹುಟ್ಟಿದ್ದು ಅದಾದ ಮೇಲೆ, 1872ರಲ್ಲಿ.

ಕಲ್ಲು ಯಾರದು?

ಸಮಾಧಿಗೆ ಕಲ್ಲು ಬಂದದ್ದು 1910ರಲ್ಲಿ. ಇಟ್ಟವರು ಚೆರೋಕಿಯರಲ್ಲ. ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಮಹಿಳಾ ಸಂಘ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸೇವೆ ಸಲ್ಲಿಸಿದವರ ವಂಶದ ಹೆಣ್ಣುಮಕ್ಕಳ ಸಂಘ ಅದು. ಕಲ್ಲು ಇಟ್ಟ ಶಾಖೆಗೆ ಜನರಲ್ ಜೋಸೆಫ್ ವಿನ್‌ಸ್ಟನ್ ಎಂಬವನ ಹೆಸರು. ಈ ವಿನ್‌ಸ್ಟನ್ 1777ರಲ್ಲಿ ಚೆರೋಕಿಯರು ಭೂಮಿ ಬಿಟ್ಟುಕೊಟ್ಟ ಒಪ್ಪಂದಕ್ಕೆ ನಾರ್ತ್ ಕೆರೊಲಿನಾದ ಪರವಾಗಿ ಹೋಗಿದ್ದ ಪ್ರತಿನಿಧಿಗಳಲ್ಲಿ ಒಬ್ಬ.

ಆ ಹೆಂಗಸರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇದ್ದಿರಲಾರದು. ಕಾಡಿನ ಮೂಲೆಯ ಒಬ್ಬ ಚೆರೋಕಿ ಮುದುಕನ ಸಮಾಧಿಗೆ ಕಲ್ಲು ಹಾಕಿಸಬೇಕು ಅನ್ನಿಸಿದ್ದು ಒಳ್ಳೆಯದೇ. ಅವರು ಹಾಕಿಸದಿದ್ದರೆ ಆ ಜಾಗ ಎಲ್ಲಿದೆ ಅನ್ನುವುದೇ ಮರೆತುಹೋಗುತ್ತಿತ್ತೋ ಏನೋ. ಆದರೆ ಅವರಿಗೆ ನೆನಪಿದ್ದ ಜುನಾಲಸ್ಕ ತಮ್ಮ ಜನರಲ್‌ನ ಪ್ರಾಣ ಉಳಿಸಿದವನು. 1814 ಕಲ್ಲಿನ ಮೇಲೆ ಬಂತು. 1847 ಬಂತು. ನಡುವಿನ 1838 ಬರಲಿಲ್ಲ. ಆ ನಡುವಿನ ವರ್ಷ ತೆಗೆದರೆ ‘ಭೂಮಿ ಕೊಟ್ಟಿತು’ ಅನ್ನುವುದು ಉಡುಗೊರೆಯ ಹಾಗೆ ಕೇಳುತ್ತದೆ. ಸೇರಿಸಿ ಓದಿದರೆ ಅರ್ಥವೇ ಬೇರೆ. ಕಲ್ಲಿನಲ್ಲಿ ದೊಡ್ಡ ಸುಳ್ಳೇನೂ ಬೇಕಾಗಲಿಲ್ಲ, ಒಂದು ಇಸವಿ ಬಿಟ್ಟರೆ ಸಾಕಾಯಿತು.

ಈಗ ಆ ಕಲ್ಲು ಒಂಟಿಯಲ್ಲ. ಜುನಾಲಸ್ಕನ ಬದುಕಿನ ಕಥೆ ಹೇಳುವ ಏಳು ಮುಖದ ಸ್ಮಾರಕ ಅದೇ ಗುಡ್ಡದಲ್ಲಿ ಬಂದಿದೆ. ಚೆರೋಕಿಯರ ಏಳು ಕುಲಕ್ಕೆ ಏಳು ಮುಖ. ಪಕ್ಕದಲ್ಲಿ ಸಣ್ಣ ಮ್ಯೂಸಿಯಂ, ಔಷಧಿ ಗಿಡಗಳನ್ನು ತೋರಿಸುವ ಕಾಲುಹಾದಿ ಇದೆ. 1910ರ ಕಲ್ಲನ್ನು ಕಿತ್ತು ಹಾಕಿಲ್ಲ. ಅದು ಹೇಳದೆ ಬಿಟ್ಟದ್ದನ್ನು ಪಕ್ಕದಲ್ಲಿ ನಿಂತು ಓದಿಕೊಳ್ಳಬಹುದು.

ಕೊಟ್ಟದ್ದಲ್ಲ, ಕೊಂಡದ್ದು

ಇನ್ನೊಂದು ವಿಷಯ ಹೇಳದಿದ್ದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಜುನಾಲಸ್ಕನಿಗೆ 337 ಎಕರೆ ಸಿಕ್ಕಿತು, ಸರಿ. ಆ ಬೆಟ್ಟಗಳಲ್ಲಿ ಉಳಿದುಕೊಂಡ ಮಿಕ್ಕ ಚೆರೋಕಿಯರು ಏನು ಮಾಡಿದರು? ಕೆಲವರು ಹಳೆಯ ಒಪ್ಪಂದಗಳ ಬಲದಿಂದ ಚೆರೋಕಿ ಗಡಿಯ ಹೊರಗೆ ಇದ್ದರು, ಅವರನ್ನು ಸಾಗಿಸಲಿಲ್ಲ. ಕೆಲವರು ಕಾಡಿನಲ್ಲಿ ಅಡಗಿ ಉಳಿದರು. ಕೆಲವರು ಜುನಾಲಸ್ಕನ ಹಾಗೆ ವಾಪಸ್ ಬಂದರು. ಇವರ ಹೆಸರಿಗೆ ಭೂಮಿ ನೋಂದಾಯಿಸಿಕೊಳ್ಳುವುದಕ್ಕೆ ರಾಜ್ಯ ಒಪ್ಪುತ್ತಿರಲಿಲ್ಲ.

ಆಗ ಅವರಿಗೆ ದಾರಿಯಾದವನು ವಿಲಿಯಂ ಹಾಲೆಂಡ್ ಥಾಮಸ್ ಎಂಬ ಬಿಳಿಯ ವ್ಯಾಪಾರಿ. ಯೋನಗಸ್ಕ ಎಂಬ ಚೆರೋಕಿ ನಾಯಕ ಆತನನ್ನು ಹುಡುಗನಾಗಿದ್ದಾಗಲೇ ಮಗನಂತೆ ಸಾಕಿಕೊಂಡಿದ್ದ. ಚೆರೋಕಿಯರ ಹಣವನ್ನೂ ತನ್ನ ಹಣವನ್ನೂ ಹಾಕಿ ಥಾಮಸ್ ತನ್ನ ಹೆಸರಿನಲ್ಲಿ ಭೂಮಿ ಖರೀದಿಸಿದ. ನಮ್ಮ ಕಡೆ ಬೇನಾಮಿ ಅನ್ನುತ್ತೇವಲ್ಲ, ಹಾಗೆ. ಹೆಸರು ಆತನದು, ಉಳುವವರು ಇವರು.

ಬೇನಾಮಿಯ ಅಪಾಯ ನಿಮಗೆ ಗೊತ್ತೇ ಇದೆ. ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಥಾಮಸ್ ಸಾಲದಲ್ಲಿ ಮುಳುಗಿದ್ದ, ಬುದ್ಧಿಯೂ ಕೈಕೊಟ್ಟಿತ್ತು. ಸಾಲ ಕೊಟ್ಟವರು ಆತನ ಹೆಸರಿನಲ್ಲಿದ್ದ ಭೂಮಿಗೆ ಕೈ ಹಾಕಿದರು. ಚೆರೋಕಿಯರು ಮತ್ತೆ ಕೋರ್ಟಿಗೆ ಹೋಗಬೇಕಾಯಿತು. 1874ರಲ್ಲಿ ಪಂಚರ ತೀರ್ಮಾನ ಅವರ ಪರ ಬಂತು. ಆ ಭೂಮಿ ಈಗ ‘ಕ್ವಾಲಾ ಬೌಂಡರಿ’ ಎಂಬ ಹೆಸರಿನಲ್ಲಿ ಪೂರ್ವದ ಚೆರೋಕಿಯರ ಕೈಯಲ್ಲಿದೆ, 56 ಸಾವಿರ ಎಕರೆಯಷ್ಟು.

ಜುನಾಲಸ್ಕನ ಸಮಾಧಿ ಇರುವ ಗ್ರಹಾಂ ಕೌಂಟಿಯಲ್ಲೂ ಅವರ ಜನ ಇದ್ದಾರೆ. ಸ್ನೋಬರ್ಡ್ ಎಂಬ ಹೊಳೆಯ ಸುತ್ತ ಇರುವುದರಿಂದ ಸ್ನೋಬರ್ಡ್ ಚೆರೋಕಿಯರು ಎನ್ನುತ್ತಾರೆ. ಅವರ ಭೂಮಿ ಒಂದೇ ಕಡೆ ಇಲ್ಲ. ಬಿಳಿಯರ ಜಮೀನುಗಳ ನಡುವೆ ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಎಲ್ಲ ಸೇರಿದರೆ ಎರಡು ಸಾವಿರ ಎಕರೆ ಚಿಲ್ಲರೆ. ಸಿಕ್ಕಿದ ಕಡೆ ಸಿಕ್ಕಿದಷ್ಟು ಕೊಂಡುಕೊಂಡದ್ದರಿಂದ ಆದ ರೂಪ ಅದು.

ಸ್ನೋಬರ್ಡಿನವರಿಗೆ ಇನ್ನೊಂದು ಹೆಸರಿದೆ. ಪೂರ್ವದ ಚೆರೋಕಿಯರಲ್ಲಿ ಭಾಷೆಯನ್ನು ಹೆಚ್ಚು ಉಳಿಸಿಕೊಂಡವರು ಅವರು. ಆದರೆ ಮನೆಮಾತಾಗಿ ಚೆರೋಕಿ ಆಡುವವರು ಈಗ ಹೆಚ್ಚಾಗಿ ವಯಸ್ಸಾದವರು. ಪೂರ್ವದವರಲ್ಲಿ ಚೆನ್ನಾಗಿ ಮಾತಾಡುವವರ ಸಂಖ್ಯೆ ಇನ್ನೂರರೊಳಗೆ ಇಳಿದಿದೆ. 2019ರಲ್ಲಿ ಚೆರೋಕಿಯರ ಮೂರೂ ಪಂಗಡಗಳು ಒಟ್ಟಿಗೆ ಕೂತು ತಮ್ಮ ಭಾಷೆಗೆ ತುರ್ತು ಪರಿಸ್ಥಿತಿ ಬಂದಿದೆ ಎಂದು ಘೋಷಿಸಿದವು. ಪೂರ್ವದವರೂ ಪಶ್ಚಿಮದವರೂ ಒಂದೇ ಮಾತು ಹೇಳಿದರು.

ಫೋರ್ಟ್ ಮಾಂಟ್‌ಗೊಮರಿ ಈಗ ಇಲ್ಲ. ಅಲ್ಲಿಂದ ಜನರನ್ನು ಸಾಗಿಸಿದ ಕಚ್ಚಾ ರಸ್ತೆ ಇದೆ, ಗಾಡಿಗಳು ಓಡಾಡುತ್ತವೆ. ಅಲ್ಲೇ ಹತ್ತಿರದ ಗುಡ್ಡದಲ್ಲಿ, ಆ ಜನರಲ್ಲಿ ನಡೆದೇ ವಾಪಸ್ ಬಂದ ಒಬ್ಬನೂ ಆತನ ಹೆಂಡತಿಯೂ ಮಲಗಿದ್ದಾರೆ. ಊರವರು ಇಟ್ಟ ಹೆಸರು ಪ್ರಯತ್ನ ಮಾಡಿ ಸೋತವನು ಅಂತ. ಊರಿಗೆ ಮರಳುವ ಪ್ರಯತ್ನದಲ್ಲಂತೂ ಆತ ಸೋಲಲಿಲ್ಲ.